ಇಂದಿನ ಚಿಂತನೆ: ಬೇಸಿಗೆ ಕೆರೆಯಲ್ಲಿ ಒಂಟಿ ಹೆಬ್ಬಾತು

 

ಬಂಧುಗಳೇ, ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಹೆಸರು ಕೇಳಿರುತ್ತೀರಿ. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಹಿಂಡುಹಿಂಡಾಗಿ ಬರುತ್ತವೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಗುರುತಿನ ಪಟ್ಟಿ ತೊಡಿಸಿ ಬಿಟ್ಟ ಹಕ್ಕಿಗಳು ನಮ್ಮ ಕೆರೆಗಳಲ್ಲಿ ಕಂಡಿವೆ. ಹಿಮಾಲಯವನ್ನು 7,000 ಮೀಟರಿಗೂ ಎತ್ತರದಲ್ಲಿ ದಾಟಬಲ್ಲ ಹಕ್ಕಿ ಇದು. ಬೇಸಿಗೆ ಏರುವಷ್ಟರಲ್ಲಿ ಹಿಂಡು ಉತ್ತರಕ್ಕೆ ಹೊರಟುಬಿಡುತ್ತದೆ. ಹಾಗಿದ್ದೂ ಮೇ ತಿಂಗಳಲ್ಲಿ ಊರ ಕೆರೆಯಲ್ಲಿ ಒಂದೇ ಒಂದು ಕಂಡಿತು ಎನ್ನೋಣ.

ಫೋಟೊ ತೆಗೆದು "ಶುಭ ಶಕುನ" ಎಂದು ಗ್ರೂಪಿಗೆ ಹಾಕುವವರಿದ್ದಾರೆ. ಶಕುನದ ಮಾತು ನಮಗೆ ಬೇಡ, ಕಾರಣ ಹುಡುಕೋಣ.

ಮೊದಲು ಅದು ಹೆಬ್ಬಾತು ಹೌದೋ ಅಲ್ಲವೋ ನೋಡಬೇಕು. ಸಾಕಿದ ಬಾತು ತಪ್ಪಿಸಿಕೊಂಡು ಕೆರೆ ಸೇರುವುದುಂಟು. ಚುಕ್ಕೆ ಕೊಕ್ಕಿನ ಬಾತು, ಶಿಳ್ಳೆ ಬಾತು ವರ್ಷವಿಡೀ ಇಲ್ಲೇ ಇರುವಂಥವು. ಬೇಸಿಗೆಯಲ್ಲಿ ಕಂಡರೆ ಅಚ್ಚರಿಯಿಲ್ಲ. ಕಾವ್ಯಗಳ ಹಂಸ ಈ ಪಟ್ಟೆತಲೆ ಹೆಬ್ಬಾತೇ ಇರಬೇಕು ಎನ್ನುವ ವಿದ್ವಾಂಸರಿದ್ದಾರೆ. ಕನ್ನಡ ಓದಿದವಳಾದ ನನಗೆ ಆ ಹಂಸ ಇಷ್ಟವೇ. ಆದರೆ ಕೆರೆಯ ದಂಡೆಯಲ್ಲಿರುವ ಹಕ್ಕಿ ಹಾಲು ನೀರು ಬೇರ್ಪಡಿಸುವುದಿಲ್ಲ, ಹುಲ್ಲು ಮೇಯುತ್ತದೆ.

ಹಿಂಡಿನೊಂದಿಗೆ ಯಾಕೆ ಹೋಗಲಿಲ್ಲ? ಗಾಯವಾಗಿರಬಹುದು, ಮೀನಿನ ಬಲೆಯ ದಾರ ಸುತ್ತಿಕೊಂಡಿರಬಹುದು, ದೂರದ ಪ್ರಯಾಣಕ್ಕೆ ಮೈಯಲ್ಲಿ ಕಸುವಿಲ್ಲದಿರಬಹುದು, ಇನ್ನೂ ಎಳೆಯದಾಗಿರಬಹುದು. ಮಳೆಗಾಲದ ಹೊತ್ತಿಗೂ ಅದು ಇಲ್ಲೇ ಉಳಿದು ಹಾರದಿದ್ದರೆ ಇನ್ನೊಂದು ಸಾಧ್ಯತೆಯುಂಟು. ಬಾತು, ಹೆಬ್ಬಾತುಗಳ ರೆಕ್ಕೆಯಲ್ಲಿ ಹಾರಲು ಬೇಕಾದ ಗರಿಗಳೆಲ್ಲ ವರ್ಷಕ್ಕೊಮ್ಮೆ ಒಟ್ಟಿಗೇ ಉದುರುತ್ತವೆ. ಹೊಸದು ಬರುವವರೆಗೆ, ಅಂದರೆ ಕೆಲವು ವಾರ, ಹಕ್ಕಿ ಆರೋಗ್ಯವಾಗಿದ್ದರೂ ಹಾರಲಾರದು. ಗುರುತಿಸುವುದು ಕಷ್ಟವಲ್ಲ: ಗರಿ ಉದುರಿದ್ದರೆ ಎರಡೂ ರೆಕ್ಕೆ ಒಂದೇ ಸಮ ಮೋಟಾಗಿರುತ್ತವೆ, ಪೆಟ್ಟಾಗಿದ್ದರೆ ಸಾಮಾನ್ಯವಾಗಿ ಒಂದು ರೆಕ್ಕೆ ಜೋತುಬಿದ್ದಿರುತ್ತದೆ.

ಇದಿಷ್ಟನ್ನೂ ದೂರದಿಂದಲೇ ನೋಡಬೇಕು. ಬೇಸಿಗೆಯಲ್ಲಿ ನೀರು ಇಳಿದು ಕೆರೆ ಕಿರಿದಾಗಿರುತ್ತದೆ, ನಾಯಿಗಳು ನಡುವಿನವರೆಗೂ ನುಗ್ಗುತ್ತವೆ. ಅದರ ಮೇಲೆ ನಾವೂ ಮೊಬೈಲ್ ಹಿಡಿದು ಬೆನ್ನಟ್ಟಿದರೆ ಅದು ಎಲ್ಲಿಗೆ ಹೋಗಬೇಕು?

ಬಾಣ ತಗುಲಿ ಬಿದ್ದ ಹಕ್ಕಿಯ ಪ್ರಸಂಗವನ್ನು ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಹೇಳಿದ್ದಾರೆ. ಸಿದ್ಧಾರ್ಥ ಬಾಣ ಕಿತ್ತು, ಗಾಯಕ್ಕೆ ಆರೈಕೆ ಮಾಡಿ, ನೀರು ಕುಡಿಸಿದ. ಹೊಡೆದವನು ನಾನು, ಹಕ್ಕಿ ನನ್ನದು ಎಂದ ದೇವದತ್ತ. ತೀರ್ಪು ಉಳಿಸಿದವನ ಪರವಾಯಿತು. ಮಕ್ಕಳಿಗೆ ಈ ಕಥೆ ಹೇಳಿದಾಗ ಒಂದು ಮಾತು ಸೇರಿಸಿ: ಅಲ್ಲಿ ಬಾಣ ಕಣ್ಣಿಗೆ ಕಾಣುತ್ತಿತ್ತು. ಗರಿ ಉದುರಿಸಿಕೊಂಡ ಹಕ್ಕಿಯನ್ನು ಗಾಯಗೊಂಡಿದೆ ಎಂದುಕೊಂಡು ಹಿಡಿಯಹೋದರೆ ಗಾಯ ಮಾಡುವವರು ನಾವೇ. ನಿಜವಾಗಿ ರೆಕ್ಕೆ ಮುರಿದಿದ್ದರೆ, ದಾರ ಸುತ್ತಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಮನೆಗೆ ತಂದು ಸಾಕುವುದು ಬೇಡ.

ಈ ರಜೆಯಲ್ಲಿ ಮಕ್ಕಳನ್ನು ಬೆಳಗಿನ ಹೊತ್ತು ಕೆರೆಗೆ ಕರೆದೊಯ್ಯಿರಿ. ನೋಟ್‌ಬುಕ್ಕಿನಲ್ಲಿ ದಿನಾಂಕ, ಕೆರೆಯ ಹೆಸರು, ಎರಡೂ ರೆಕ್ಕೆಗಳ ಸ್ಥಿತಿ ಬರೆಸಿ. ಹತ್ತು ದಿನ ಬಿಟ್ಟು ಮತ್ತೆ ಹೋಗಿ, ಅದೇ ಪುಟದ ಕೆಳಗೆ ಮುಂದುವರಿಸಿ.