‘ಹೇಗೋ ಆಗುತ್ತೆ’ ಅಂತ ಬರೆಯಬೇಡಿ

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಕನ್ನಡದ ಹಿರಿಯರಿಗಾಗಿ ಈ ಮಾತುಗಳು. 1960, 70ರ ದಶಕಗಳಲ್ಲಿ ಎನ್‌ಎಚ್‌ಎಸ್ ಆಸ್ಪತ್ರೆಗಳಿಗೆ ಬಂದು ದುಡಿದ ಡಾಕ್ಟರುಗಳಲ್ಲಿ ಅನೇಕರಿಗೆ ಈಗ ಎಂಬತ್ತು ದಾಟಿದೆ. ಮಕ್ಕಳು ಬೇರೆ ಊರಲ್ಲಿ, ದೊಡ್ಡ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಸ್ನಾನ ಮಾಡಿಸಲು, ಬಟ್ಟೆ ತೊಡಿಸಲು, ಊಟ ಬಿಸಿ ಮಾಡಿಕೊಡಲು ಕೌನ್ಸಿಲ್ ಮೂಲಕ ಮನೆಗೇ ಜನ ಬರುವ ವ್ಯವಸ್ಥೆ ಇದೆ. ಅದಕ್ಕೆ ಮೊದಲ ಮೆಟ್ಟಿಲು ‘ನೀಡ್ಸ್ ಅಸೆಸ್‌ಮೆಂಟ್’, ಅಂದರೆ ನಿಮಗೆ ಏನೇನು ನೆರವು ಬೇಕು ಎಂಬ ಪರಿಶೀಲನೆ. ಎಷ್ಟೋ ಕಡೆ ಅದು ಶುರುವಾಗುವುದೇ ನೀವೇ ತುಂಬಬೇಕಾದ ಒಂದು ಫಾರ್ಮಿನಿಂದ. ಅದನ್ನು ಸರಿಯಾಗಿ ತುಂಬುವ ಬಗೆ ಹೀಗೆ.

1. ಮೊದಲು ಕೇಳಿ, ದುಡ್ಡಿನ ಮಾತು ಆಮೇಲೆ

‘ನಮಗೆ ಪೆನ್ಷನ್ ಇದೆ, ಸ್ವಂತ ಮನೆ ಇದೆ, ನಮಗ್ಯಾರು ಕೊಡ್ತಾರೆ?’ ಎಂದು ಕೈಬಿಟ್ಟವರನ್ನು ನೋಡಿದ್ದೇನೆ. 2015ರ ಏಪ್ರಿಲ್‌ನಿಂದ ಜಾರಿಯಲ್ಲಿರುವ 2014ರ ಕೇರ್ ಆ್ಯಕ್ಟ್ ಪ್ರಕಾರ, ನೆರವು ಬೇಕಿರಬಹುದು ಎಂದು ಕಾಣುವ ಯಾವುದೇ ವಯಸ್ಕರ ಅಸೆಸ್‌ಮೆಂಟನ್ನು ಕೌನ್ಸಿಲ್ ಮಾಡಲೇಬೇಕು. ಆಸ್ತಿ, ಆದಾಯ ಎಷ್ಟೇ ಇರಲಿ. ಅದಕ್ಕೆ ಶುಲ್ಕವೂ ಇಲ್ಲ. (ಸ್ಕಾಟ್ಲೆಂಡ್, ವೇಲ್ಸ್‌ಗಳ ಕಾನೂನು ಬೇರೆ.) ಇದು ಭಿಕ್ಷೆಯಲ್ಲ. ನಲವತ್ತು ವರ್ಷ ತೆರಿಗೆ ಕಟ್ಟಿದ ನಾಡಿನಲ್ಲಿ ಹಕ್ಕಿನ ಸೇವೆ ಕೇಳಲು ಸಂಕೋಚ ಯಾಕೆ?

2. ಒಂದು ವಾರ ನೋಟ್‌ಬುಕ್ ಇಡಿ

ಫಾರ್ಮ್ ಮುಟ್ಟುವ ಮುಂಚೆ ಏಳು ದಿನ ಬರೆಯಿರಿ: ಎಲ್ಲಿ ಗೋಡೆ ಹಿಡಿದೆ, ಯಾವ ಮಾತ್ರೆ ಮರೆತೆ, ರಾತ್ರಿ ಎಷ್ಟು ಸಲ ಎದ್ದೆ, ಯಾವ ಕೆಲಸ ‘ನಾಳೆ ಮಾಡೋಣ’ ಎಂದು ಬಿಟ್ಟೆ. ನೆನಪಿನಿಂದ ಬರೆಯಲು ಕೂತರೆ ಅರ್ಧ ಬಿಟ್ಟುಹೋಗುತ್ತದೆ.

3. ‘ಆಗುತ್ತೆ’ ಎನ್ನುವ ಮುಂಚೆ ನಾಲ್ಕು ಪ್ರಶ್ನೆ

ಇದೊಂದನ್ನು ಮಾತ್ರ ನಿಧಾನವಾಗಿ ಓದಿ. ಒಂದು ಕೆಲಸವನ್ನು ನೀವು ಹೇಗೋ ಮಾಡಿ ಮುಗಿಸಿದರೂ ಕಾನೂನಿನ ಲೆಕ್ಕದಲ್ಲಿ ಅದು ‘ಆಗದ’ ಕೆಲಸವೇ ಇರಬಹುದು. ಕೇಳಿಕೊಳ್ಳಬೇಕಾದದ್ದು ಇಷ್ಟು: ಇನ್ನೊಬ್ಬರು ಕೈಹಿಡಿಯದೆ ಅಥವಾ ನೆನಪಿಸದೆ ಆಗುತ್ತದೆಯೇ? ಮಾಡುವಾಗ ವಿಪರೀತ ನೋವು, ಆತಂಕ, ಸಂಕಟ ಆಗುತ್ತದೆಯೇ? ಬಿದ್ದು ಏಟಾಗುವ, ಸುಟ್ಟುಕೊಳ್ಳುವ ಅಪಾಯ ಇದೆಯೇ? ಬೇರೆಯವರಿಗಿಂತ ತೀರಾ ಹೆಚ್ಚು ಹೊತ್ತು ಹಿಡಿಯುತ್ತದೆಯೇ?

ಒಮ್ಮೆ ಹಿರಿಯರೊಬ್ಬರ ಪಕ್ಕದಲ್ಲಿ ಕೂತು ಫಾರ್ಮ್ ತುಂಬುತ್ತಿದ್ದೆ. ‘ಸ್ನಾನಕ್ಕೆ ತೊಂದರೆ ಇದೆಯಾ ಅಮ್ಮಾ?’ ಎಂದೆ. ‘ಏನಿಲ್ಲಪ್ಪ, ಹೇಗೋ ಆಗುತ್ತೆ’ ಎಂದರು. ಹೇಗೆ, ತೋರಿಸಿ ಎಂದೆ. ಬಾತ್‌ಟಬ್ಬಿನ ಅಂಚು ದಾಟಲು ಮಂಡಿ ಮಡಚದು, ಹಾಗಾಗಿ ಆರು ತಿಂಗಳಿಂದ ಅದರೊಳಗೆ ಇಳಿದೇ ಇರಲಿಲ್ಲ. ಇಲ್ಲಿನ ಬಾತ್‌ರೂಮಿನ ನೆಲದಲ್ಲಿ ನಮ್ಮೂರಿನ ಬಚ್ಚಲಿನ ಹಾಗೆ ನೀರು ಹೋಗುವ ತೂಬೂ ಇಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ವಾಷ್‌ಬೇಸಿನ್‌ನಿಂದ ಚೊಂಬಿಗೆ ನೀರು ಹಿಡಿದು, ಬಟ್ಟೆ ಅದ್ದಿ ಮೈ ಒರೆಸಿಕೊಳ್ಳುತ್ತಿದ್ದರು. ಕುರ್ಚಿಯ ಕೆಳಗೆ ಮೂರು ಹಳೆಯ ಟವೆಲ್. ಕೊನೆಗೆ ಬಗ್ಗಿ ಆ ಟವೆಲ್‌ಗಳನ್ನು ಎತ್ತಿ ಹಿಂಡುವುದೇ ದೊಡ್ಡ ಶಿಕ್ಷೆ. ಎಲ್ಲ ಸೇರಿ ಮುಕ್ಕಾಲು ಗಂಟೆ. ಆಮೇಲೆ ಮಲಗಲೇಬೇಕು. ಬೆನ್ನಿಗೆ ನೀರು ಬಿದ್ದು ಎಷ್ಟು ಕಾಲವಾಯಿತು ಎಂದು ಹೇಳುವಾಗ ಅವರ ಕಣ್ಣು ತುಂಬಿತ್ತು. ಅವರು ‘ಹೇಗೋ’ ಎಂಬ ಒಂದು ಪದದಲ್ಲಿ ಮುಗಿಸಿದ್ದನ್ನೆಲ್ಲ, ಟವೆಲ್ ಸಮೇತ, ಫಾರ್ಮಿನಲ್ಲಿ ಬರೆದೆವು.

4. ಹತ್ತು ವಿಷಯ ನೋಡುತ್ತಾರೆ, ಎರಡು ಸಾಕು

ಊಟ, ಮೈ ಶುಚಿ, ಶೌಚ, ಉಡುಪು, ಮನೆಯೊಳಗೆ ಬೀಳದೆ ಓಡಾಡುವುದು, ಮನೆಯನ್ನು ಇರಲು ಯೋಗ್ಯವಾಗಿ ಇಟ್ಟುಕೊಳ್ಳುವುದು, ನೆಂಟರು ಗೆಳೆಯರ ಒಡನಾಟ, ಕೆಲಸ ಅಥವಾ ಸ್ವಯಂಸೇವೆ, ಬಸ್ಸು ಅಂಗಡಿಗಳ ಬಳಕೆ, ಮಗುವಿನ ಪಾಲನೆ ನಿಮ್ಮ ಮೇಲಿದ್ದರೆ ಅದು. ಕಾಯಿಲೆ ಅಥವಾ ಅಂಗವೈಕಲ್ಯದಿಂದಾಗಿ ಇವುಗಳಲ್ಲಿ ಎರಡಾದರೂ ಆಗದೆ, ಅದರಿಂದ ನಿಮ್ಮ ಬದುಕಿಗೆ ಗಣನೀಯ ಪೆಟ್ಟು ಬಿದ್ದಿದ್ದರೆ ನೀವು ಅರ್ಹರು.

ಪ್ರತಿಯೊಂದಕ್ಕೂ ನಿಮ್ಮ ಮನೆಯ ಉದಾಹರಣೆ ಕೊಡಿ. ಭುಜ ಎತ್ತಲಾಗದೆ ಸೀರೆ ಬಿಟ್ಟು ದಿನವಿಡೀ ನೈಟಿಯಲ್ಲೇ ಇದ್ದೀರಾ? ಅದು ಉಡುಪಿನ ಕಾಲಮ್ಮಿಗೆ. ಒಲೆ ಮುಂದೆ ನಿಲ್ಲಲಾಗದೆ ರಾತ್ರಿಗೆ ಬ್ರೆಡ್ಡು ಮೊಸರೇ ಗತಿಯಾ? ಹೊಟ್ಟೆ ತುಂಬುತ್ತದೆ ಎನ್ನಬೇಡಿ, ಅಡುಗೆ ಆಗುತ್ತಿಲ್ಲ ಎನ್ನಿ. ಎರಡು ವರ್ಷದಿಂದ ಯುಗಾದಿ ಕೂಟಕ್ಕೆ ಹೋಗಿಲ್ಲವಾ? ಒಂಟಿತನವೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

5. ಕೆಟ್ಟ ದಿನವನ್ನು ಮುಚ್ಚಿಡಬೇಡಿ

ಪಾರ್ಕಿನ್‌ಸನ್ಸ್, ಸಂಧಿವಾತಗಳು ದಿನಕ್ಕೊಂದು ತರಹ. ಒಳ್ಳೆಯ ದಿನ ಹೇಗೆ, ಕೆಟ್ಟ ದಿನ ಹೇಗೆ, ತಿಂಗಳಲ್ಲಿ ಅಂಥವು ಎಷ್ಟು ಎಂದು ಬರೆಯಿರಿ. ಏರಿಳಿತವನ್ನೂ ಗಣನೆಗೆ ತೆಗೆದುಕೊಳ್ಳಬೇಕೆಂದು ಕಾನೂನೇ ಹೇಳುತ್ತದೆ.

ಸೋಷಿಯಲ್ ವರ್ಕರ್ ಮನೆಗೆ ಬರುತ್ತಾರೆಂದರೆ ಹಿಂದಿನ ದಿನ ಮಗಳನ್ನು ಕರೆಸಿ ಮನೆ ಗುಡಿಸಿ, ಒಳ್ಳೆಯ ಸೀರೆ ಉಟ್ಟು, ಕಾಫಿ ಚಕ್ಕುಲಿ ಇಟ್ಟುಕೊಂಡು ಕಾಯುವುದು ನಮ್ಮ ಸಂಸ್ಕಾರ. ದಯವಿಟ್ಟು ಅಂದು ಬೇಡ. ತೊಳೆಯದ ಪಾತ್ರೆ ಸಿಂಕಿನಲ್ಲೇ ಇರಲಿ.

6. ಮಗಳು ಮಾಡುವುದನ್ನೂ ಸೇರಿಸಿ

‘ಮಾತ್ರೆ ಸೊಸೆ ಕೊಡ್ತಾಳೆ, ತೊಂದರೆ ಇಲ್ಲ’ ಎಂದರೆ ಅಗತ್ಯವೇ ಇಲ್ಲವೆಂದಾಗುತ್ತದೆ. ಯಾರು ಮಾಡಿದರೂ ಅಗತ್ಯ ನಿಮ್ಮದೇ. ಆಕೆ ಒಂದು ವಾರ ಊರಿಗೆ ಹೋದರೆ ಏನಾಗುತ್ತದೆ ಎಂದು ಬರೆಯಿರಿ. ನೋಡಿಕೊಳ್ಳುವವರಿಗೂ ‘ಕೇರರ್ಸ್ ಅಸೆಸ್‌ಮೆಂಟ್’ ಎಂಬ ಪ್ರತ್ಯೇಕ ಹಕ್ಕು ಇದೆ. ಎಂಬತ್ತರ ಹೆಂಡತಿ ಎಂಬತ್ತೈದರ ಗಂಡನನ್ನು ಎತ್ತಿ ಕೂರಿಸುತ್ತಿದ್ದರೆ ಆಕೆಯೇ ಆ ಕೇರರ್.

7. ಮಗನನ್ನು ದುಭಾಷಿ ಮಾಡಬೇಡಿ

ಶೌಚದ ಕಷ್ಟವನ್ನು ಮಗನ ಬಾಯಲ್ಲಿ ಹೇಳಿಸಲು ಯಾವ ತಾಯಿಗೂ ಮನಸ್ಸು ಬಾರದು. ಇಂಗ್ಲಿಷ್ ಕಷ್ಟವಾದರೆ ಕನ್ನಡ ದುಭಾಷಿ ಬೇಕೆಂದು ಮೊದಲೇ ಕೇಳಿ. ಮರೆವಿನ ಕಾಯಿಲೆಯಂಥ ಕಾರಣಕ್ಕೆ ಈ ಪ್ರಕ್ರಿಯೆಯಲ್ಲಿ ಭಾಗವಹಿಸುವುದು ತೀರಾ ಕಷ್ಟವಾಗಿ, ಪರವಾಗಿ ಮಾತಾಡುವ ಸೂಕ್ತ ಮನೆಯವರೂ ಇಲ್ಲದಿದ್ದರೆ, ನಿಮ್ಮ ಮಾತನ್ನು ಮುಂದಿಡುವ ಸ್ವತಂತ್ರ ‘ಅಡ್ವೊಕೇಟ್’ (ವಕೀಲರಲ್ಲ) ಒಬ್ಬರನ್ನು ಕೌನ್ಸಿಲ್ಲೇ ಒದಗಿಸಬೇಕು.

8. ದುಡ್ಡಿನ ವಿಷಯ ಇಷ್ಟೇ

ಅರ್ಹತೆ ತೀರ್ಮಾನವಾದ ಮೇಲೆ ಹಣದ ಪರಿಶೀಲನೆ. ಉಳಿತಾಯ 23,250 ಪೌಂಡ್ ಮೀರಿದರೆ ಸಾಮಾನ್ಯವಾಗಿ ಪೂರ್ತಿ ವೆಚ್ಚ ನಿಮ್ಮದು. ಆರೈಕೆ ಮನೆಯಲ್ಲೇ ನಡೆಯುವಾಗ ನೀವು ವಾಸವಿರುವ ಮನೆಯ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಗತ್ಯವಿದೆ ಎಂದು ತೀರ್ಮಾನವಾದ ಹಿಡಿಕಂಬಿ, ಸ್ನಾನದ ಹಲಗೆಗಳಂಥ 1,000 ಪೌಂಡ್ ಒಳಗಿನ ಸಣ್ಣ ಸಲಕರಣೆಗಳು ಉಚಿತ. ಪೆನ್ಷನ್ ವಯಸ್ಸು ದಾಟಿದವರ ‘ಅಟೆಂಡೆನ್ಸ್ ಅಲವೆನ್ಸ್’ ಎಂಬ ಭತ್ಯೆಗೆ ಬೇರೆಯೇ ಅರ್ಜಿ, ಅದಕ್ಕೆ ಆದಾಯದ ಮಿತಿ ಇಲ್ಲ. ಊರಿಂದ ವೀಸಾ ಮೇಲೆ ಬಂದಿರುವ ತಂದೆತಾಯಿಗೆ ಮಾತ್ರ ಇಂಥ ಭತ್ಯೆ ಕೇಳುವ ಮುಂಚೆ ವಲಸೆ ಕಾನೂನು ಬಲ್ಲವರ ಸಲಹೆ ಪಡೆಯಿರಿ.

9. ಎಲ್ಲವನ್ನೂ ಕಾಗದದಲ್ಲಿ ಪಡೆಯಿರಿ

ಕಳಿಸುವ ಮುಂಚೆ ಫಾರ್ಮಿನ ನಕಲು ಇಟ್ಟುಕೊಳ್ಳಿ. ಅಸೆಸ್‌ಮೆಂಟಿನ ಪ್ರತಿ ನಿಮಗೆ ಕೊಡಬೇಕು. ಅರ್ಹರಲ್ಲ ಎಂದರೆ ಕಾರಣವನ್ನೂ ಬರೆದುಕೊಡಬೇಕು. ಒಪ್ಪಿಗೆಯಾಗದಿದ್ದರೆ ಮೊದಲು ಕೌನ್ಸಿಲ್‌ಗೆ ದೂರು, ಅಲ್ಲಿ ಬಗೆಹರಿಯದಿದ್ದರೆ ಇಂಥ ದೂರುಗಳನ್ನು ಸ್ವತಂತ್ರವಾಗಿ ವಿಚಾರಿಸುವ ಓಂಬುಡ್ಸ್‌ಮನ್‌ಗೆ. ಬಿದ್ದು ಏಟಾಯಿತು, ಆಸ್ಪತ್ರೆ ಸೇರಿ ಬಂದಿರಿ, ನೋಡಿಕೊಳ್ಳುತ್ತಿದ್ದವರೇ ಹಾಸಿಗೆ ಹಿಡಿದರು ಎಂದಾದರೆ ಮುಂದಿನ ಪರಿಶೀಲನೆಗೆ ಕಾಯದೆ ಅಂದೇ ಫೋನ್ ಮಾಡಿ. ಪಕ್ಕದಲ್ಲಿ ಆ ನೋಟ್‌ಬುಕ್ ಇರಲಿ.