ಕಳವಳವೂ ಜ್ಞಾಪಕಶಕ್ತಿಯೂ

ಓದತಕ್ಕ ಭಾಗ: 1 ಅರಸುಗಳು 18 ಮತ್ತು 19ನೇ ಅಧ್ಯಾಯಗಳು

ದೀಕ್ಷಾಸ್ನಾನಕ್ಕಾಗಿ ಸಿದ್ಧರಾಗುವವರಲ್ಲಿ ಕೆಲವರು ಹತ್ತು ಆಜ್ಞೆಗಳನ್ನು ಮನೆಯಲ್ಲಿ ತಪ್ಪಿಲ್ಲದೆ ಹೇಳಿ, ಹಿರಿಯರ ಮುಂದೆ ನಿಂತ ಕೂಡಲೆ ಮೂರನೆಯದಕ್ಕೇ ತಡವರಿಸುವದನ್ನು ನಾವೆಲ್ಲರೂ ನೋಡಿದ್ದೇವೆ. ಸಾಲದ ಗಡುವು ಸಮೀಪಿಸಿದ ಮನೆಯ ಯಜಮಾನನನ್ನು ಆರಾಧನೆಯ ತರುವಾಯ ಪ್ರಸಂಗದ ವಾಕ್ಯ ಯಾವದೆಂದು ಕೇಳಿದರೆ ಸುಮ್ಮನೆ ನಿಲ್ಲುತ್ತಾನೆ. ಇಂಥವರಿಗೆ ವಿಶ್ವಾಸವಿಲ್ಲ, ಇವರು ಮನಸ್ಸಿಟ್ಟು ಕೇಳುವದಿಲ್ಲ ಎಂದು ಸಭೆಯಲ್ಲಿ ಹೇಳಿಬಿಡುವದು ಸುಲಭ. ಹೀಗೆ ತೀರ್ಪುಮಾಡಿ ಒಬ್ಬನನ್ನು ಇನ್ನೊಂದು ವರುಷ ಹೊರಗೆ ನಿಲ್ಲಿಸುವದು ನ್ಯಾಯವೋ ಎಂಬದನ್ನು ವಿಚಾರಿಸೋಣ.

ಕಾಲ ಬಳಿ ಹಾವು ಹರಿದಾಗ ನಮ್ಮ ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಎರಡು ಚಿಕ್ಕ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತದೊಳಕ್ಕೆ ಬಿಡುತ್ತವೆ. ಎದೆ ಬಡಿದುಕೊಳ್ಳುವದು, ಕಾಲಿಗೆ ಬಲ ಬರುವದು. ಸೃಷ್ಟಿಕರ್ತನು ಇದನ್ನು ನಮ್ಮ ರಕ್ಷಣೆಗಾಗಿಯೇ ಇಟ್ಟನು. ಹಾವನ್ನು ಕಂಡ ಜಾಗವು ಬಹುಕಾಲ ನೆನಪಿನಲ್ಲಿ ಉಳಿಯುವದೂ ಇದರಿಂದಲೇ. ಆದರೆ ಹಾವು ಪೊದೆಗೆ ಹೋಗಿಬಿಡುತ್ತದೆ. ಸಾಲವೂ ರೋಗವೂ ಮನೆಯ ಜಗಳವೂ ಹಾಗೆ ಹೋಗುವದಿಲ್ಲ. ಆಗ ಆ ರಸವು ದಿನೇದಿನೇ ಏರಿಯೇ ಇರಬಹುದು.

1936ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ಪಟ್ಟಣದಲ್ಲಿದ್ದ ಹಾನ್ಸ್ ಸೆಲ್ಯೆ ಎಂಬ ಪಂಡಿತನು ಇಲಿಗಳನ್ನು ಚಳಿ, ಗಾಯ, ಅತಿಶ್ರಮ ಮೊದಲಾದವುಗಳಿಗೆ ಒಳಪಡಿಸಿ, ಬಾಧೆಗಳು ಬೇರೆಬೇರೆಯಾದರೂ ದೇಹವು ತೋರಿಸುವ ಕುರುಹುಗಳು ಒಂದೇ ಎಂದು ಪ್ರಕಟಿಸಿದನು. 1968ರಲ್ಲಿ ಬ್ರೂಸ್ ಮೆಕ್‌ಯೂಯನ್ ಎಂಬವನೂ ಅವನ ಸಂಗಡಿಗರೂ, ಇಲಿಯ ಗ್ರಂಥಿಯಿಂದ ಬರುವ ಇಂಥದೇ ರಸವು ಮೆದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗವನ್ನು ವಿಶೇಷವಾಗಿ ಸೇರುವದನ್ನು ಕಂಡುಹಿಡಿದರು. ಹೊಸ ಸಂಗತಿಗಳನ್ನು ಜ್ಞಾಪಕದಲ್ಲಿ ಸೇರಿಸುವದಕ್ಕೆ ಬೇಕಾದ ಸ್ಥಾನವು ಅದೇ. ಹಣೆಯ ಹಿಂದೆ, ಆಲೋಚಿಸಿ ನಿರ್ಣಯಿಸುವ ಭಾಗವೂ ಕಳವಳದಲ್ಲಿ ಮಂಕಾಗುತ್ತದೆ. ಆದದರಿಂದ ಹೆದರಿದವನಿಗೆ ಕಲಿತದ್ದು ಇದ್ದರೂ ಕೈಗೆ ಸಿಕ್ಕುವದಿಲ್ಲ.

ನಮ್ಮಂಥ ಬೇಸಾಯದವರಿಗೆ ಇನ್ನೂ ಹತ್ತಿರವಾದ ಒಂದು ಶೋಧನೆ ಉಂಟು. ತಮಿಳುನಾಡಿನ 54 ಹಳ್ಳಿಗಳಲ್ಲಿ 464 ಮಂದಿ ಕಬ್ಬಿನ ರೈತರಿಗೆ, ಕಟಾವಿಗೆ ಮುಂಚೆ ಕೈ ಬರಿದಾಗಿದ್ದಾಗ ಒಮ್ಮೆ, ಹಣ ಬಂದ ತರುವಾಯ ಒಮ್ಮೆ, ಬುದ್ಧಿಯನ್ನು ಪರೀಕ್ಷಿಸುವ ಒಗಟುಗಳನ್ನು ಕೊಟ್ಟರು. ಇದು 2013ರಲ್ಲಿ ಪ್ರಕಟವಾಯಿತು. ಅದೇ ಮನುಷ್ಯರು ಕಟಾವಿಗೆ ಮುಂಚೆ ಹೆಚ್ಚು ತಪ್ಪಿದರು, ನಿಧಾನವಾದರು. ಅವರ ಬುದ್ಧಿ ಕುಂದಿದ್ದಿಲ್ಲ. ಬುದ್ಧಿಗೆ ಬೇಕಾದ ಜಾಗವನ್ನು ಹಣದ ಚಿಂತೆ ಹಿಡಿದುಕೊಂಡಿತ್ತು ಎಂಬದು ಶೋಧಕರ ಅಭಿಪ್ರಾಯ. ಸಾಲಪತ್ರಕ್ಕೆ ರುಜು ಹಾಕುವ ಕಾಲವೂ ಅನೇಕರಿಗೆ ಅದೇ ತಿಂಗಳುಗಳಲ್ಲಿ ಬರುತ್ತದೆಂಬದನ್ನು ಇಲ್ಲಿ ಮರೆಯಬಾರದು.

ಈಗ ಎಲೀಯನನ್ನು ನೋಡೋಣ. ಕರ್ಮೆಲ್ ಬೆಟ್ಟದಲ್ಲಿ ಆಕಾಶದಿಂದ ಬೆಂಕಿ ಬಿದ್ದದ್ದನ್ನು ಕಂಡವನು ಈಜೆಬೆಲಳ ಒಂದು ಮಾತಿಗೆ ಬೆದರಿ ಬೇರ್ಷೆಬಕ್ಕೆ ಓಡಿ, ಸೇವಕನನ್ನು ಅಲ್ಲೇ ಬಿಟ್ಟು, ಅಡವಿಯ ಜಾಲಿಗಿಡದ ಕೆಳಗೆ ಸಾವನ್ನು ಬೇಡಿದನು. ಹೋರೇಬಿನಲ್ಲಿ ತಾನೊಬ್ಬನೇ ಉಳಿದೆನೆಂದನು. ಓಬದ್ಯನು ನೂರು ಮಂದಿ ಪ್ರವಾದಿಗಳನ್ನು ಐವತ್ತೈವತ್ತಾಗಿ ಗವಿಗಳಲ್ಲಿ ಅಡಗಿಸಿದ್ದನ್ನು ಸ್ವಲ್ಪ ಮುಂಚೆ ಅವನೇ ಕೇಳಿದ್ದನಲ್ಲವೇ? ಕರ್ಮೆಲಿನಲ್ಲಿಯೂ ಆ ಮಾತು ಆಡಿದ್ದನು ನಿಜ. ಅಲ್ಲಿ ಅದು ಬಾಳನ 450 ಪ್ರವಾದಿಗಳಿಗೆ ಎದುರಾಗಿ ಧೈರ್ಯದಿಂದ ನಿಂತವನ ಮಾತು. ಇಲ್ಲಿ ದೇವರು ಎರಡು ಸಾರಿ ಕೇಳಿದಾಗ ಎರಡು ಸಾರಿಯೂ ಅದೇ ಉತ್ತರವನ್ನು ಒಪ್ಪಿಸಿದನು. ಕಳವಳಗೊಂಡ ಮನಸ್ಸು ಗಾಣದ ಎತ್ತಿನಂತೆ ಒಂದೇ ಸುತ್ತು ಸುತ್ತುವದು.

ಅವನಿಗೆ ಮೊದಲು ಬುದ್ಧಿವಾದ ಬರಲಿಲ್ಲವೆಂಬದನ್ನು ಗಮನಿಸಿರಿ. ನಿದ್ರೆ ಬಂತು. ಬಿಸಿ ಕೆಂಡದ ರೊಟ್ಟಿಯೂ ತಂಬಿಗೆಯಲ್ಲಿ ನೀರೂ ಬಂದವು. ತಿರಿಗಿ ನಿದ್ರೆ, ತಿರಿಗಿ ಊಟ. ಏಳು ಸಾವಿರ ಮಂದಿ ಉಳಿದಿದ್ದಾರೆಂಬ ಮಾತು ನಾಲ್ವತ್ತು ದಿನಗಳಾದ ಮೇಲೆ ಬಂತು. ಕಲಿತದ್ದು ಜ್ಞಾಪಕದಲ್ಲಿ ನೆಲೆಗೊಳ್ಳುವದಕ್ಕೆ ನಿದ್ರೆಯು ಬೇಕೆಂದು ಈಗಿನ ವೈದ್ಯಶಾಸ್ತ್ರವೂ ಹೇಳುತ್ತದೆ.

ಆದಕಾರಣ ಸಭಾ ಹಿರಿಯರೇ, ತಡವರಿಸುವ ಅಭ್ಯರ್ಥಿಯನ್ನು ಕೂರಿಸಿ ನೀರು ಕೊಡಿರಿ, ಮನೆಯ ಕ್ಷೇಮ ಕೇಳಿರಿ. ಪ್ರಶ್ನೆ ಇನ್ನೊಂದು ದಿನಕ್ಕಿರಲಿ. ಕಷ್ಟದಲ್ಲಿರುವವನು ಹಣದ ಕಾಗದಕ್ಕೆ ರುಜು ಹಾಕುವ ಮುಂಚೆ ಓದಬಲ್ಲ ಇನ್ನೊಬ್ಬನು ಅವನ ಪಕ್ಕದಲ್ಲಿ ಕೂತು ಓದಲಿ. ಮರೆಯಬಾರದ್ದನ್ನು ಬರೆದಿಡಿರಿ. ನಿದ್ರೆಯಿಲ್ಲದೆ ವಾರಗಟ್ಟಲೆ ಕಳೆದವರನ್ನು, ಎಲೀಯನಂತೆ ಸಾವನ್ನು ಬಯಸುವವರನ್ನು ಒಂಟಿಯಾಗಿ ಬಿಡದೆ, ಪ್ರಾರ್ಥಿಸಿದರೆ ಸಾಕೆಂದು ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ. 2022ರಲ್ಲಿ ಭಾರತ ಸರಕಾರವು ಆರಂಭಿಸಿದ ಟೆಲಿ-ಮಾನಸ್ ಎಂಬ ದೂರವಾಣಿ ಸಹಾಯದ ಅಂಕೆ 14416. ಅಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು.

ಹೋರೇಬಿನಿಂದ ಇಳಿದ ಎಲೀಯನಿಗೆ ಹನ್ನೆರಡು ಜೋಡಿ ಎತ್ತುಗಳಿಂದ ಉಳುತ್ತಿದ್ದ ಎಲೀಷನು ಸಿಕ್ಕಿದನು. ಅವನು ಎದ್ದು ಎಲೀಯನ ಹಿಂದೆ ಹೋಗಿ ಅವನಿಗೆ ಸೇವೆಮಾಡಿದನು.