ದಿನಕ್ಕೆ ಒಂದೋ ಎರಡೋ ಸಿಗರೇಟು

ಪ್ರಶ್ನೆ: ಮಗ ದ್ವಿತೀಯ ಪಿಯುಸಿ. ಒಗೆಯಲು ಹಾಕಿದ್ದ ಪ್ಯಾಂಟಿನ ಜೇಬಿನಲ್ಲಿ ಬೆಂಕಿಪೊಟ್ಟಣ ಸಿಕ್ಕಿತು. ಕೇಳಿದರೆ, ‘ದಿನಕ್ಕೆ ಒಂದೋ ಎರಡೋ ಅಷ್ಟೇ ಅಮ್ಮ, ಯಾವಾಗ ಬೇಕಾದ್ರೂ ಬಿಡ್ತೀನಿ’ ಅನ್ನುತ್ತಾನೆ. ಯಜಮಾನರೂ ಸೇದುತ್ತಾರೆ. ಅವರಿಗೆ ಹೇಳಿದರೆ ಮಗನಿಗೆ ಹೊಡೆದಾರು ಎಂಬ ಭಯ. ಏನು ಮಾಡಲಿ?

ಉತ್ತರ: ಸಿಗರೇಟಿನ ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲೇ ನಿಕೋಟಿನ್ ಮಿದುಳು ಮುಟ್ಟುತ್ತದೆ. ಮಿದುಳು ಸುಮಾರು 25ನೇ ವಯಸ್ಸಿನವರೆಗೂ ಬೆಳೆಯುತ್ತಲೇ ಇರುವುದರಿಂದ ಹದಿಹರೆಯದವರಿಗೆ ಚಟ ಬೇಗ ಅಂಟುತ್ತದೆ. ದಿನವೂ ಸೇದದ ಹುಡುಗರಲ್ಲೂ ಅದರ ಲಕ್ಷಣ ಕಾಣುವುದುಂಟು. ಇನ್ನು ಹೃದಯದ ಮಾತು. ದಿನಕ್ಕೆ ಇಪ್ಪತ್ತು ಸೇದುವವರಿಗೆ ಹೃದ್ರೋಗದ ಅಪಾಯ ಎಷ್ಟು ಹೆಚ್ಚುತ್ತದೋ, ಒಂದೇ ಒಂದು ಸೇದುವವರಿಗೂ ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಚ್ಚುತ್ತದೆ ಎಂದು 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆ ಹೇಳುತ್ತದೆ.

ಮಗ ಸುಳ್ಳು ಹೇಳುತ್ತಿರಲಾರ. ಬಿಡಬಲ್ಲೆ ಎಂದೇ ನಂಬಿರುತ್ತಾನೆ. ಹಾಗಾದರೆ ಒಂದು ವಾರ ಬಿಟ್ಟು ನೋಡಲಿ. ಸಿಡಿಮಿಡಿ, ನಿದ್ದೆಗೇಡು, ಪುಸ್ತಕದ ಮುಂದೆ ಕೂತರೂ ಮನಸ್ಸು ನಿಲ್ಲದಿರುವುದು ಶುರುವಾದರೆ ಅವನಿಗೇ ಅರ್ಥವಾಗುತ್ತದೆ. ಸೇದಿದರೆ ಪರೀಕ್ಷೆಯ ಟೆನ್ಷನ್ ಇಳಿಯುತ್ತದೆ ಎನ್ನುವ ಹುಡುಗರಿಗೆ ಆ ಹೊತ್ತಿನಲ್ಲಿ ಇಳಿಯುವುದು, ಬಹುಪಾಲು, ಹಿಂದಿನ ಸಿಗರೇಟಿನ ನಿಕೋಟಿನ್ ಕರಗಿದಾಗ ಹುಟ್ಟಿದ ಚಡಪಡಿಕೆಯೇ.

ಹೊಡೆದರೆ ಅವನು ಸೇದುವ ಜಾಗ ಮನೆಯಿಂದ ಇನ್ನಷ್ಟು ದೂರ ಹೋಗುತ್ತದೆ, ಅಷ್ಟೇ. ಎಲ್ಲಿ, ಯಾರ ಜೊತೆ, ಯಾವ ಹೊತ್ತಿಗೆ ಎಂದು ಸಮಾಧಾನದಿಂದ ಕೇಳಿ. ಟ್ಯೂಷನ್ ಮುಗಿಸಿ ಗೂಡಂಗಡಿಯಲ್ಲಿ ಟೀ ಜೊತೆಗೆ ಅಂದರೆ, ಮೂರ್ನಾಲ್ಕು ವಾರ ಆ ಟೀ, ಆ ದಾರಿ ಎರಡೂ ಬೇಡ. ಸೇದಬೇಕೆಂಬ ತುಡಿತ ಐದು ಹತ್ತು ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ. ಅಷ್ಟು ಹೊತ್ತು ನೀರು ಕುಡಿದೋ, ನಾಲ್ಕು ಹೆಜ್ಜೆ ನಡೆದೋ ತಳ್ಳಿಬಿಡಬೇಕು. ಮೊದಲ ಮೂರು ದಿನ ನಿಜಕ್ಕೂ ಕಷ್ಟ. ನಿಕೋಟಿನ್ ಗಮ್ ತಂದುಕೊಡುವ ಆಲೋಚನೆಯಿದ್ದರೆ ಮೊದಲು ವೈದ್ಯರನ್ನು ಕೇಳಿ.

ಯಜಮಾನರಿಗೆ ಹೇಳಲೇಬೇಕು. ಅಪ್ಪ ಸೇದುವ ಮನೆಯಲ್ಲಿ ಮಗನಿಗೆ ಬುದ್ಧಿ ಹೇಳುವುದು ಕಷ್ಟ. ಇಬ್ಬರೂ ಒಂದೇ ದಿನ ನಿಲ್ಲಿಸುವಂತಾದರೆ ಅದಕ್ಕಿಂತ ಒಳ್ಳೆಯ ಚಿಕಿತ್ಸೆ ಇಲ್ಲ.

ಇನ್ನೊಂದು ವಿಷಯ. ಸಿಗರೇಟು ಪ್ಯಾಕಿನ ಮೇಲೆ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರವೂ ಬರಹವೂ, ಜೊತೆಗೆ ಚಟ ಬಿಡಲು ನೆರವಾಗುವ ಸಹಾಯವಾಣಿಯ ಸಂಖ್ಯೆಯೂ ಇರುತ್ತವೆ. ಗೂಡಂಗಡಿಯಲ್ಲಿ ಬಿಡಿ ಸಿಗರೇಟು ಕೊಂಡು, ಅಲ್ಲೇ ದಾರಕ್ಕೆ ತೂಗುಬಿಟ್ಟ ಲೈಟರಿನಲ್ಲಿ ಹಚ್ಚಿಕೊಳ್ಳುವ ಹುಡುಗನ ಕಣ್ಣಿಗೆ ಇದ್ಯಾವುದೂ ಬೀಳುವುದಿಲ್ಲ. ಕರ್ನಾಟಕದಲ್ಲಿ 2025ರ ಮೇ ತಿಂಗಳಲ್ಲಿ ಜಾರಿಯಾದ ತಿದ್ದುಪಡಿಯ ಪ್ರಕಾರ 21 ವರ್ಷದೊಳಗಿನವರಿಗೆ ಮಾರುವಂತಿಲ್ಲ, ಬಿಡಿಯಾಗಿ ಯಾರಿಗೂ ಮಾರುವಂತಿಲ್ಲ. ಕಾಲೇಜಿನ ಸುತ್ತ 100 ಮೀಟರ್ ಒಳಗೆ ಮಾರಾಟವೇ ಕೂಡದು. ಪೋಷಕರು ನಾಲ್ಕು ಜನ ಸೇರಿ ಪ್ರಾಂಶುಪಾಲರಿಗೆ ಬರೆದುಕೊಡಲಿ; ಹುಡುಗರನ್ನು ಬೈಯುವುದಕ್ಕಿಂತ ಇದು ಮೊದಲು ಆಗಬೇಕಾದ ಕೆಲಸ.

ಪ್ರಶ್ನೆ: ಸಿಗರೇಟಿನ ಬದಲು ವೇಪ್ ಸೇದಿದರೆ ತೊಂದರೆ ಇಲ್ಲವಂತೆ. ನಿಜವೇ?

ಉತ್ತರ: ಅಲ್ಲ. ಹೆಚ್ಚಿನ ವೇಪ್‌ಗಳಲ್ಲಿ ಇರುವುದೂ ನಿಕೋಟಿನ್ನೇ, ಅಂಟುವುದೂ ಅದೇ ಚಟ. ದೇಶದಲ್ಲಿ ಇ-ಸಿಗರೇಟಿನ ಮಾರಾಟ 2019ರಿಂದ ನಿಷಿದ್ಧ.

ಪ್ರಶ್ನೆ: ವಯಸ್ಸು 44. ಇಪ್ಪತ್ತು ವರ್ಷದಿಂದ ಬೀಡಿ. ಬೆಳಿಗ್ಗೆ ಒಂದು ಸೇದದಿದ್ದರೆ ಹೊಟ್ಟೆ ಸಾಫ್ ಆಗುವುದಿಲ್ಲ. ಇಷ್ಟು ತಡವಾಗಿ ಬಿಟ್ಟು ಲಾಭವೇನು?

ಉತ್ತರ: ಹೊಟ್ಟೆಯ ದೂರು ನಿಜ. ನಿಕೋಟಿನ್ ಕರುಳನ್ನು ಚುರುಕುಗೊಳಿಸುತ್ತದೆ. ಅದು ನಿಂತಾಗ ಕೆಲವು ವಾರ ಮಲಬದ್ಧತೆ ಕಾಡಬಹುದು. ಎದ್ದ ಕೂಡಲೇ ಎರಡು ಲೋಟ ಬಿಸಿನೀರು, ಸೊಪ್ಪು, ಹಣ್ಣು, ಅರ್ಧ ಗಂಟೆ ನಡಿಗೆಯಿಂದ ಸುಧಾರಿಸುತ್ತದೆ.

ತಡವಾಗಿಲ್ಲ. ಬ್ರಿಟನ್ನಿನ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಗಮನಿಸಿದ ರಿಚರ್ಡ್ ಡಾಲ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, 40ರಲ್ಲಿ ಬಿಟ್ಟವರು ಬಿಡದವರಿಗಿಂತ ಸುಮಾರು 9 ವರ್ಷ, 50ರಲ್ಲಿ ಬಿಟ್ಟವರು 6 ವರ್ಷ ಹೆಚ್ಚು ಬದುಕುವ ಲೆಕ್ಕ ಸಿಕ್ಕಿತು.

ಎದ್ದ ಅರ್ಧ ಗಂಟೆಯೊಳಗೆ ಬೀಡಿ ಬೇಕೆನಿಸುವುದು ಚಟ ಗಟ್ಟಿಯಾಗಿರುವ ಗುರುತು. ಬರೀ ಮನಸ್ಸು ಗಟ್ಟಿ ಮಾಡಿ ಸೋತವರಿಗೆ ಔಷಧದ ನೆರವು ಬೇಕಾಗುತ್ತದೆ. 2 ಮಿ.ಗ್ರಾಂ ನಿಕೋಟಿನ್ ಗಮ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಎಲೆಅಡಿಕೆಯಂತೆ ಒಂದೇ ಸಮ ಜಗಿಯಬಾರದು: ಖಾರ ಎನಿಸುವವರೆಗೆ ನಿಧಾನ ಜಗಿದು ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕು, ಖಾರ ಇಳಿದ ಮೇಲೆ ಮತ್ತೆ ಜಗಿಯಬೇಕು. ಹೀಗೆ ಅರ್ಧ ಗಂಟೆ. ಅದಕ್ಕೆ ಕಾಲು ಗಂಟೆ ಮುಂಚಿನಿಂದ ಕಾಫಿ, ಟೀ ಬೇಡ. ಬಾಯಿ ಮೂಲಕ ನಿಕೋಟಿನ್ ಹೀರಿಕೊಳ್ಳುವುದಕ್ಕೆ ಅದು ಅಡ್ಡಿ. ಸಹಾಯವಾಣಿ 1800-11-2356ಕ್ಕೆ ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ತಂಬಾಕು ಬಿಡಿಸುವ ಚಿಕಿತ್ಸೆ ಇದೆ. ಕೆಮ್ಮಿದಾಗ ರಕ್ತ, ಮೂರು ವಾರಕ್ಕೂ ಬಿಡದ ಕೆಮ್ಮು, ಬಾಯಲ್ಲಿ ಮಾಯದ ಹುಣ್ಣು ಇದ್ದರೆ ಗಮ್ಮಿನ ಮಾತು ಆಮೇಲೆ, ಮೊದಲು ಆಸ್ಪತ್ರೆಗೆ ಹೋಗಿ.